ಬರೆಯದ ಹೈಡ್ರೊಜನ್

1973, ಆಗಸ್ಟ್ 12, ಭಾನುವಾರ

ಈ ಡೈರಿ ನಮ್ಮ ಕಾಲೇಜಿನ ಲ್ಯಾಬಿಗೆ ಗಾಜಿನ ಸಾಮಾನು ಮಾರುವವರು ಜನವರಿಯಲ್ಲಿ ಕೊಟ್ಟದ್ದು. ದೋಬಿಗೆ ಹಾಕಿದ ಬಟ್ಟೆ ಬರೆದಿಡಲು ಆಗುತ್ತದೆ ಎಂದು ನನ್ನ ಹೆಂಡತಿ ಜಗದಾಂಬಾ ಬೀರುವಿನಲ್ಲಿ ತೆಗೆದಿಟ್ಟಿದ್ದಳು. ಒಂದು ಅಂಗಿಯನ್ನೂ ಬರೆಯಲಿಲ್ಲ. ಕಳೆದ ತಿಂಗಳು ಅವಳಿಗೆ ಕಾಮಾಲೆ ಬಂತು. ಆಸ್ಪತ್ರೆಗೆ ನನ್ನ ಜೊತೆ ಬಸ್ಸಿನಲ್ಲಿ ಕೂತು ಬಂದವಳು ವಾಪಸ್ ಬರಲಿಲ್ಲ.

ನಾನು ಒಬ್ಬನೇ ಮಾತಾಡಿಕೊಳ್ಳುತ್ತೇನಂತೆ. ಕಾಲೇಜಿನಲ್ಲಿ ನಮ್ಮ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದ ವೆಂಕಟಸ್ವಾಮಿ ಮೊನ್ನೆ ಪಕ್ಕಕ್ಕೆ ಕರೆದು, "ಸೋಮಲಿಂಗಪ್ಪನವರೇ, ಅದೇನ್ ಹೇಳ್ಕೋಬೇಕೋ ಬರ್ಕೊಳ್ಳಿ. ಹುಡುಗ್ರು ಕೇಳಿಸ್ಕೊಂಡು ನಗ್ತಾರೆ," ಎಂದರು. ನಕ್ಕರೆ ನಗಲಿ. ಆದರೂ ಇವತ್ತು ಬರೆಯಲು ಕೂತಿದ್ದೇನೆ. ಅದಕ್ಕೆ ಕಾರಣ ನನ್ನ ಅತ್ತೆ.

ಅತ್ತೆ ಶಾಂತವ್ವ ರಾಣೆಬೆನ್ನೂರಿನವರು. ಮಗಳ ಮಣ್ಣಿಗೆ ಬಂದವರು ನನಗೆ ಅಡಿಗೆ ಮಾಡಿ ಹಾಕುತ್ತ ಇಲ್ಲೇ ರಾಜಾಜಿನಗರದ ಮನೆಯಲ್ಲಿ ಉಳಿದಿದ್ದಾರೆ. ಬೆಳಿಗ್ಗೆ ರೊಟ್ಟಿ ಬಡಿಸುತ್ತ ನಿಂತವರು ಇದ್ದಕ್ಕಿದ್ದಂತೆ ಕೇಳಿದರು.

"ಲಿಂಗ ಯಾವ ಕೈಯಾಗ ಇಟ್ಟಿಯಪಾ?"

"ಎಡಗೈಯಲ್ಲಿ. ಇನ್ಯಾವ ಕೈಯಲ್ಲಿ ಇಡ್ತಾರೆ?"

"ನೋಡಿದವ್ರು ಯಾರೂ ಇಲ್ಲಲ್ಲ, ಅದಕ್ಕ ಕೇಳಿದೆ."

ಅದು ನಿಜ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತೇವೆ. ಗುಂಡಿಯ ಒಂದು ಪಕ್ಕಕ್ಕೆ ಗೂಡಿನಂತೆ ಕೊರೆದು, ಅದರೊಳಗೆ ಕೂರಿಸಿ, ಬದುಕಿರುವವರೆಗೆ ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಡಬೇಕು. ದಿನದ ಪೂಜೆಯಲ್ಲಿ ಹೇಗೆ ಹಿಡಿದಿರುತ್ತೇವೋ ಹಾಗೆ. ಅವತ್ತು ಮಾಗಡಿ ರಸ್ತೆಯಾಚೆಯ ರುದ್ರಭೂಮಿಯಲ್ಲಿ ಮಳೆ ಹಿಡಿದಿತ್ತು. ಸಂಸ್ಕಾರ ಮಾಡಿಸಲು ಬಂದಿದ್ದ ಗುರುಪಾದಯ್ಯನವರಿಗೆ ಮಂಡಿನೋವು, ಕೆಸರಿನ ಗುಂಡಿಗೆ ಇಳಿಯಲಾಗಲಿಲ್ಲ. ನಾನು ಇಳಿದೆ. ಅವಳ ಎದುರಿಗೆ ಮಂಡಿಯೂರಿ ಕೂತೆ. "ಎಡಗೈಗೆ ಇಡಪ್ಪಾ, ಎಡಗೈಗೆ," ಎಂದು ಅಯ್ಯನವರು ಮೇಲಿಂದ ಕೂಗಿದರು. ಇಟ್ಟು ಬೆರಳು ಮಡಿಸಿದೆ. ಆಮೇಲೆ ವಿಭೂತಿ, ಬಿಲ್ವಪತ್ರೆ, ಮಣ್ಣು.

ಲಿಂಗ ಸರಿಯಾದ ಕೈಯಲ್ಲಿ ಇಲ್ಲದಿದ್ದರೆ ಜೀವ ಐಕ್ಯವಾಗದೆ ಅಲೆಯುತ್ತದೆ ಎನ್ನುವುದು ಅತ್ತೆಯ ನಂಬಿಕೆ. ನನಗೆ ಅಂಥ ನಂಬಿಕೆಗಳಿಲ್ಲ. ಆದರೆ ಅವಳಿಗಾಗಿ ನಾನು ಮಾಡಿದ ಕೊನೆಯ ಕೆಲಸ ಅದು. ಅದನ್ನಾದರೂ ನೆಟ್ಟಗೆ ಮಾಡಿದ್ದೇನೆ. ಎಡಗೈಯಲ್ಲೇ ಇಟ್ಟಿದ್ದೇನೆ.

ಆಗಸ್ಟ್ 16, ಗುರುವಾರ

ಕೊನೆಯ ವರ್ಷದ ಬಿ.ಎಸ್ಸಿ.ಯವರಿಗೆ ಆರ್ ಮತ್ತು ಎಸ್ ಶುರು ಮಾಡಿದೆ. ವರ್ಷವಿಡೀ ಪಾಠ ಮಾಡುವುದರಲ್ಲಿ ನನಗೆ ನಿಜವಾಗಿ ಖುಷಿ ಕೊಡುವುದು ಇದೊಂದೇ.

ಒಂದು ಇಂಗಾಲಕ್ಕೆ ನಾಲ್ಕು ಬೇರೆ ಬೇರೆ ಗುಂಪು ಅಂಟಿದ್ದರೆ ಅದು ಕೈರಲ್ ಕೇಂದ್ರ. ಅಂಥ ಅಣುವಿಗೆ ಕನ್ನಡಿಯಲ್ಲಿ ಕಂಡ ಹಾಗೆ ಒಂದು ಜೋಡಿ ಇರುತ್ತದೆ. ಎಡ ಬಲ ಚಪ್ಪಲಿಯ ಹಾಗೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಯಾವುದು ಯಾವುದೆಂದು ಹೇಳಬೇಕಾದರೆ ಗುಂಪುಗಳಿಗೆ ಮೇಲು ಕೀಳು ಎಂದು ಅಂತಸ್ತು ಕೊಡಬೇಕು. ಎಲ್ಲಕ್ಕಿಂತ ಕೀಳಾದ ಹೈಡ್ರೊಜನ್ನನ್ನು ನಮ್ಮಿಂದ ಆಚೆಗೆ ತಿರುಗಿಸಿ, ಉಳಿದ ಮೂರನ್ನು ಮೇಲಿನಿಂದ ಕೀಳಿಗೆ ಸುತ್ತಬೇಕು. ಗಡಿಯಾರದ ದಿಕ್ಕಾದರೆ ಆರ್, ಅದರ ಎದುರು ದಿಕ್ಕಾದರೆ ಎಸ್.

ಉಂಗುರದಂಥ ಅಣು ಬಂದರೆ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ಮೊದಲ ಬೆಂಚಿನ ಕಿಟ್ಟಿ ಎದ್ದು ನಿಂತ. "ಸಾರ್, ಆ ಕಡೆಗೂ ಅದೇ ಉಂಗುರ, ಈ ಕಡೆಗೂ ಅದೇ ಉಂಗುರ. ಯಾವ್ದು ಮೇಲು ಅಂತ ಹೇಳೋದ್ ಹೆಂಗೆ?"

"ನಮ್ಮ ಮನೆಯಿಂದ ಇಬ್ಬರು ಹೊರಡ್ತಾರೆ ಕಣಯ್ಯಾ. ಒಬ್ಬ ನವರಂಗ್ ಥಿಯೇಟರ್ ಕಡೆ, ಒಬ್ಬ ಭಾಷ್ಯಂ ಸರ್ಕಲ್ ಕಡೆ. ಸುತ್ತಿ ಇಬ್ಬರೂ ಅದೇ ಮನೆಗೆ ಬರ್ತಾರೆ, ಗೊತ್ತು. ಆದ್ರೆ ಹೆಜ್ಜೆ ಹೆಜ್ಜೆಗೂ ಇಬ್ಬರನ್ನೂ ಹೋಲಿಸ್ತಾ ಹೋಗು. ಯಾರಿಗೆ ಮೊದಲು ಆಮ್ಲಜನಕ ಎದುರಾಗುತ್ತೋ ಅವನ ದಾರಿ ಮೇಲು. ಅಲ್ಲಿಗೆ ನಿಲ್ಲಿಸಿಬಿಡು."

ಆಮೇಲೆ ಪ್ರತಿ ವರ್ಷ ಹೇಳುವ ಎಚ್ಚರಿಕೆ ಹೇಳಿದೆ. ಹಲಗೆಯ ಮೇಲೆ ಉಂಗುರ ಬರೆಯುವಾಗ ಹೈಡ್ರೊಜನ್ ಬರೆಯುವುದಿಲ್ಲ. ಬರೆದ ಗುಂಪು ಹಲಗೆಯ ಹಿಂದಕ್ಕೆ ಹೋಗಿದೆ ಎಂದಾದರೆ ಬರೆಯದ ಹೈಡ್ರೊಜನ್ ನಮ್ಮ ಮುಖದ ಕಡೆಗೆ ಬಂದಿರುತ್ತದೆ. ಆಗ ನಮಗೆ ಎಡಕ್ಕೆ ಸುತ್ತಿದಂತೆ ಕಂಡದ್ದು ನಿಜವಾಗಿ ಬಲಕ್ಕೆ. "ಬರೆದಿಲ್ಲ ಅಂತ ಇಲ್ಲ ಅಂದ್ಕೋಬೇಡಿ. ಅದು ನಿಮ್ಮನ್ನೇ ನೋಡ್ತಾ ಕೂತಿರುತ್ತೆ," ಎಂದೆ. ಹುಡುಗರು ನಕ್ಕರು. ಯಾಕೋ ಈ ವರ್ಷ ನನಗೆ ನಗು ಬರಲಿಲ್ಲ.

ಈ ಶಾಯಿ ಸರಿಯಿಲ್ಲ. ಬರೆದದ್ದೆಲ್ಲ ಕದಡುತ್ತಿದೆ.

ಆಗಸ್ಟ್ 27, ಸೋಮವಾರ

ಶ್ರಾವಣದ ಕೊನೆಯ ಸೋಮವಾರ. ಅತ್ತೆ ಸ್ನಾನ ಮಾಡಿ ಬಂದವರು ತಲೆಬಾಗಿಲ ಕಡೆ ನೋಡಿ ಗಕ್ಕನೆ ನಿಂತರಂತೆ. ನಾನು ಹೂವು ತರಲು ಹೋಗಿದ್ದೆ. ವಾಪಸ್ ಬಂದಾಗ ಗೋಡೆಗೆ ಒರಗಿ ಕೂತಿದ್ದರು.

"ಹೊಸ್ತಿಲ ಹೊರಗ ಕುಂತಿದ್ಲಪಾ. ಬಲಗೈ ಮುಷ್ಟಿ ಕಟ್ಟಿಕೊಂಡು ಎದಿಗೆ ಹಚ್ಚಿದ್ಲು."

"ಬೆಳಗಿನ ಬಿಸಿಲು ಕಣ್ಣಿಗೆ ಹೊಡೆದಿರುತ್ತೆ ಅತ್ತೆ."

"ಬಿಸಲಿಗೆ ಕೈ ಇರತಾವೇನು? ಖರೇ ಹೇಳು. ಯಾವ ಕೈಯಾಗ ಇಟ್ಟಿ?"

"ಎಷ್ಟು ಸಲ ಹೇಳಬೇಕು? ಎಡಗೈಯಲ್ಲಿ!" ಎಂದು ಗದರಿದೆ. ಮಗಳನ್ನು ಕಳಕೊಂಡವರ ಮೇಲೆ ಹಾಗೆ ಗದರಬಾರದಿತ್ತು. ಅವರು ಎದ್ದು ಒಳಗೆ ಹೋದರು.

ಹೊಸ್ತಿಲ ಹೊರಗೆ ರಂಗೋಲಿ ಇತ್ತು. ಅತ್ತೆಗೆ ಸೊಂಟ ಬಗ್ಗುವುದಿಲ್ಲ, ಆದರೂ ಹಬ್ಬದ ತಿಂಗಳೆಂದು ಹೇಗೋ ಬಗ್ಗಿ ಹಾಕಿದ್ದಾರೆ ಎಂದುಕೊಂಡೆ. ಚೆನ್ನಾಗಿತ್ತು.

ಸೆಪ್ಟೆಂಬರ್ 6, ಗುರುವಾರ

ವೆಂಕಟಸ್ವಾಮಿ ಟಾಟಾ ಇನ್‌ಸ್ಟಿಟ್ಯೂಟಿನ ಗೆಳೆಯರಿಂದ ಎರಡು ಪುಟ್ಟ ಬಾಟಲಿ ತಂದಿದ್ದಾರೆ. ಎರಡರಲ್ಲೂ ಇರುವುದು ಕಾರ್ವೋನ್, ಒಂದೇ ಒಂದು ಕೈರಲ್ ಕೇಂದ್ರವಿರುವ ಉಂಗುರದ ಅಣು. ಒಂದು ಆರ್, ಒಂದು ಎಸ್. ಎರಡೂ ಒಂದೇ ತೂಕ, ಒಂದೇ ಉಷ್ಣತೆಯಲ್ಲಿ ಕುದಿಯುತ್ತವೆ. ಮೂಗಿಗೆ ಮಾತ್ರ ಬೇರೆ. ಆರ್ ಪುದೀನ, ಎಸ್ ಸಬ್ಬಸಿಗೆ ಬೀಜ. ಮೂಗು ಸಹ ಒಂದು ಕೈರಲ್ ವಸ್ತುವೇ, ಅದಕ್ಕೆ ಎಡ ಬಲ ಗೊತ್ತಾಗುತ್ತದೆ ಎನ್ನುವುದು ಇತ್ತೀಚಿನ ತೀರ್ಮಾನ. ನಾನೂ ಮೂಸಿದೆ. ಪುದೀನ ಪುದೀನವೇ, ಸಬ್ಬಸಿಗೆ ಸಬ್ಬಸಿಗೆಯೇ. ಎಷ್ಟೋ ದಿನದ ಮೇಲೆ ಮನಸ್ಸು ಸ್ವಲ್ಪ ಅರಳಿತು.

ಕ್ಲಾಸಿಗೆಂದು ಚನ್ನಪಟ್ಟಣದ ಮರದ ಗುಂಡುಗಳಿಂದ ಆರ್ ಕಾರ್ವೋನಿನ ಮಾದರಿ ಕಟ್ಟಿದೆ. ಕೇಂದ್ರದಿಂದ ಉಂಗುರದ ಎರಡು ದಾರಿಗಳಲ್ಲಿ ನಡೆದರೆ, ಒಂದು ದಾರಿಯ ಎರಡನೆಯ ಮನೆಗೆ ಕೆಂಪು ಆಮ್ಲಜನಕ ಅಂಟಿರುತ್ತದೆ, ಇನ್ನೊಂದಕ್ಕೆ ಇಲ್ಲ. ಕಣ್ಣಿಗೆ ಕಟ್ಟಿದಂತೆ ತೋರಿಸಬಹುದು. ಕ್ಲಾಸಿನಲ್ಲಿ ಸುತ್ತಿ ತೋರಿಸಲು ಹೋದರೆ ಎಸ್ ಬಂತು! ಮತ್ತೊಮ್ಮೆ ಸುತ್ತಿದೆ, ಎಸ್ಸೇ. ಹುಡುಗರ ಮುಂದೆ ಮುಖಭಂಗ.

"ಯಾರ್ರೀ ನನ್ನ ಮಾಡೆಲ್ ಬಿಚ್ಚಿ ಕಟ್ಟಿದ್ದು?" ಎಂದು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ.

"ಯಾರೂ ಮುಟ್ಟಿಲ್ಲ ಸೋಮಲಿಂಗಪ್ಪನವರೇ," ಎಂದರು ವೆಂಕಟಸ್ವಾಮಿ. "ನೀವ್ ಕಟ್ಟೋದನ್ನ ನಾನೇ ನೋಡ್ತಾ ಇದ್ದೆ. ಕೈ ಎಷ್ಟು ಸರಾಗವಾಗಿ ಓಡ್ತಿತ್ತು ಅಂದ್ರೆ, ಅಬ್ಬಾ ಅನ್ನಿಸ್ತು."

ಸೆಪ್ಟೆಂಬರ್ 15, ಶನಿವಾರ

ಶಾಯಿ ಬದಲಾಯಿಸಿದೆ. ಇದೂ ಅಷ್ಟೇ. ಬರೆದ ಸಾಲಿನ ಮೇಲೆ ಅಂಗೈಯ ಅಂಚು ಎಳೆದುಕೊಂಡು ಹೋಗುತ್ತದೆ, ಕೈಯೆಲ್ಲ ನೀಲಿ. ಅಂಗಿಯ ತೋಳೂ ನೀಲಿ.

ಸೆಪ್ಟೆಂಬರ್ 23, ಭಾನುವಾರ

ಪಕ್ಕದ ಮನೆಯ ವಿಮಲಮ್ಮ ಬೇಲಿಯ ಆಚೆ ನಿಂತು ಮಾತಾಡಿಸಿದರು. ಈ ಬಡಾವಣೆ ಹೊಲವಾಗಿದ್ದಾಗಿನಿಂದ ಇಲ್ಲಿ ಇರುವವರು. ಒಳ್ಳೆಯ ಹೆಂಗಸು, ಆದರೆ ಬೀದಿಯ ಸುದ್ದಿಯೆಲ್ಲ ಬೇಕು.

"ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮನೇಲಿ ರಂಗೋಲಿ ಯಾರ್ ಹಾಕ್ತಾರೆ? ಸಾವಾದ ಮನೆ, ವರ್ಷ ತುಂಬೋಗಂಟ ಹಾಕ್ಬಾರ್ದಲ್ವಾ?"

"ನಮ್ಮಲ್ಲಿ ಸೂತಕ ಇಲ್ಲ ವಿಮಲಮ್ಮ. ಅತ್ತೆ ಹಾಕ್ತಾರೆ."

"ನಿಮ್ಮತ್ತೆ ನಾನಲ್ಲ ಅಂದ್ರು. ಅದೂ ಅಲ್ದೆ ಆ ಬಳ್ಳಿ ಸುರುಳಿ ಎಲ್ಲಾ ಉಲ್ಟಾ ಸುತ್ತಿರ್ತಾವೆ. ಜಗದಾಂಬಾ ಒಬ್ರೇ ಕಣ್ರೀ ನಮ್ ಬೀದೀಲಿ ಹಂಗೆ ಸುತ್ತಿಸ್ತಿದ್ದಿದ್ದು."

ನಗಬೇಕೆಂದುಕೊಂಡೆ, ಆಗಲಿಲ್ಲ. ಸುರುಳಿ ಯಾವ ಕಡೆ ಸುತ್ತಿದರೇನು ಎಂದು ಒಳಗೆ ಬಂದೆ. ಆದರೆ ವಿಮಲಮ್ಮ ಹೇಳಿದ ಮೇಲೆ ಅವಳ ಒಂದೊಂದೇ ಚೇಷ್ಟೆ ನೆನಪಾಗುತ್ತಿದೆ. ಬಲಗೈಯಲ್ಲೇ ಬರೆಯುತ್ತಿದ್ದಳು, ಆದರೆ ಪುಸ್ತಕದ ತಲೆಯನ್ನು ಬಲಕ್ಕೆ ಓರೆ ಮಾಡಿ ಇಟ್ಟುಕೊಳ್ಳುತ್ತಿದ್ದಳು, ಯಾರೂ ಇಡದ ಹಾಗೆ. "ಪುಸ್ತಕಕ್ಕೆ ಕತ್ತು ಉಳುಕಿದೆಯಾ?" ಎಂದು ಛೇಡಿಸುತ್ತಿದ್ದೆ. ಸುಮ್ಮನೆ ನಗುವಳು. ಬೆಳಿಗ್ಗೆ ಇಬ್ಬರೂ ಎದುರುಬದುರು ಮಣೆಯ ಮೇಲೆ ಕೂತು ಪೂಜೆ ಮಾಡುತ್ತಿದ್ದೆವು. ನಂಬಿಕೆ ಇಲ್ಲದವರು ಯಾಕೆ ಕೂರುತ್ತೀರಿ ಎಂದರೆ, ನಿನ್ನನ್ನು ನೋಡುವುದಕ್ಕೆ ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು.

ಉಗುರಿನ ಸಂದಿಯಲ್ಲಿ ಬಿಳಿ ಪುಡಿ. ಭಾನುವಾರವೂ ಚಾಕ್ ಬಿಡುವುದಿಲ್ಲ ನೋಡಿ ಈ ಮೇಷ್ಟರ ಜನ್ಮ.

ಅಕ್ಟೋಬರ್ 2, ಮಂಗಳವಾರ

ರಜೆ. ಟೆಸ್ಟ್ ಪೇಪರು ತಿದ್ದಲು ಕೂತೆ. ಕಿಟ್ಟಿಯಂಥ ಕಿಟ್ಟಿಯೇ ಉಂಗುರದ ಲೆಕ್ಕದಲ್ಲಿ ತಪ್ಪಿದ್ದಾನೆ. ಎರಡು ದಾರಿಯನ್ನೂ ಸರಿಯಾಗಿ ಹೋಲಿಸಿದ್ದಾನೆ, ಅಂತಸ್ತು ಸರಿಯಾಗಿ ಕೊಟ್ಟಿದ್ದಾನೆ, ಕೊನೆಯಲ್ಲಿ ಹೈಡ್ರೊಜನ್ ತನ್ನ ಕಡೆಗಿದೆ ಎಂಬುದನ್ನು ಮರೆತಿದ್ದಾನೆ. ಕೆಂಪು ಶಾಯಿಯಲ್ಲಿ ಅಂಚಿನಲ್ಲಿ ಬರೆದೆ: 'ನೀನು ಎದುರಿಗೆ ನಿಂತು ನೋಡಿದ್ದೀಯ. ನಿನಗೆ ಎಡವಾಗಿ ಕಂಡದ್ದು ಅದಕ್ಕೆ ಬಲ.'

ಬರೆದು ಮುಗಿಸಿ ಅದನ್ನೇ ನೋಡುತ್ತ ಕೂತೆ.

ನಾನು ಅವಳ ಎದುರಿಗೆ ಮಂಡಿಯೂರಿದ್ದೆ. ಲಿಂಗ ನನ್ನ ಬಲಗೈಯಲ್ಲಿತ್ತು. ಅಯ್ಯನವರು ಎಡಗೈಗೆ ಎಂದು ಕೂಗಿದರು. ನಾನು ಎಡಕ್ಕೆ ಚಾಚಿದೆ. ಚಾಚುವಾಗ ನನ್ನದೇ ಎದೆಯ ಮೇಲೆ ತೋಳು ಅಡ್ಡ ಹಾಯ್ದದ್ದು, ಒದ್ದೆ ತೋಳು ಎದೆಗೆ ತಣ್ಣಗೆ ತಾಗಿದ್ದು ಈಗಲೂ ನೆನಪಿದೆ. ಅಂದರೆ ನನ್ನ ಎಡಕ್ಕೆ. ನನ್ನ ಎಡಕ್ಕೆ ಇದ್ದದ್ದು ಅವಳ ಬಲಗೈ.

ಪ್ರತಿ ವರ್ಷ ಎಲ್ಲರಿಗೂ ಹೇಳುವ ಮಾತು! ನನ್ನ ಹೆಂಡತಿಯ ಮುಂದೆ ಕೂತಾಗ ನಾನೇ ಮರೆತೆ. ಇದನ್ನು ಬರೆಯುವಾಗ ಕೈ ನಡುಗುತ್ತಿಲ್ಲ, ಅಕ್ಷರ ಎಂದಿಗಿಂತ ಗುಂಡಗೆ ಬರುತ್ತಿದೆ. ನಡುಗುತ್ತಿರುವುದು ಇನ್ನೊಂದು ಕೈ.

ಅಕ್ಟೋಬರ್ 9, ಮಂಗಳವಾರ

ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಹೇಳಿಬಿಟ್ಟೆ. ಅತ್ತೆ ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಅದಕ್ಕ ಬರಾಕತ್ಯಾಳ," ಎಂದರು. "ತಗಸು. ತಗಿಸಿ ಸರಿ ಮಾಡು."

"ಗುಂಡಿ ತೆಗೆಸೋದಾ? ಇಷ್ಟು ದಿನ ಆದ ಮೇಲಾ? ಅವಳು ಹೇಗಿರ್ತಾಳೆ ಅಂತ ಗೊತ್ತೇನತ್ತೆ ನಿಮಗೆ?"

"ಹೆಂಗಿದ್ರೂ ನನ್ನ ಮಗಳು. ನೀ ಇಳೀಲಿಲ್ಲಂದ್ರ ನಾ ಇಳೀತೀನಿ."

ಸಂಜೆ ಗುರುಪಾದಯ್ಯನವರ ಮನೆಗೆ ಹೋದೆವು. ಅವರಿಗೂ ಮುಜುಗರ. "ಮಣ್ಣಿಗೆ ಕೊಟ್ಟಿದ್ದನ್ನ ತಿರುಗಿ ಕೇಳಬಾರದು," ಎಂದರು. ಅತ್ತೆ ಅಲ್ಲೇ ಬಾಗಿಲಲ್ಲಿ ಕೂತುಬಿಟ್ಟರು. ಕೊನೆಗೆ ಅಯ್ಯನವರೇ ಸೋತು, ಕಾರ್ತಿಕದ ಎರಡನೇ ಸೋಮವಾರ ಬೆಳಿಗ್ಗೆ ಆಳುಗಳನ್ನು ಕರೆತರುತ್ತೇನೆ ಎಂದರು. ಗುಂಡಿಗೆ ನಾನೇ ಇಳಿಯಬೇಕು. ನಾನು ಮಾಡಿದ್ದು ನಾನೇ ಸರಿಪಡಿಸಬೇಕು.

ಭಯವಾಗುತ್ತಿದೆ. ಅವಳ ಮುಖ ನನ್ನ ನೆನಪಿನಲ್ಲಿ ಇನ್ನೂ ಚೆನ್ನಾಗಿದೆ.

ಅಕ್ಟೋಬರ್ 26, ಶುಕ್ರವಾರ

ದೀಪಾವಳಿ. ನಮ್ಮ ಮನೆಯಲ್ಲಿ ಹಣತೆ ಮಾತ್ರ. ಅತ್ತೆ ಸಬ್ಬಸಿಗೆ ಚಟ್ನಿ ಅರೆದಿದ್ದರು. ಘಮ್ಮೆಂದಿತು. ಜಗದಾಂಬಾಗೆ ಸಬ್ಬಸಿಗೆ ಎಂದರೆ ಪ್ರಾಣ. ಚೆನ್ನಾಗಿದೆ ಎಂದೆ.

"ಸಬ್ಬಸಗಿ ಎಲ್ಲೈತಿ? ಪುದೀನ ಅದು."

ಬಟ್ಟಲು ಹತ್ತಿರ ತಂದು ಮೂಸಿದೆ. ಹಸಿ ಸಬ್ಬಸಿಗೆ ಬೀಜ ಜಜ್ಜಿದ ವಾಸನೆಯೇ. ನೆಗಡಿಯಿಂದ ಮೂಗು ಕೆಟ್ಟಿರಬೇಕು. ಎರಡು ಸಲ ಹಾಕಿಸಿಕೊಂಡು ಉಂಡೆ.

ಅಕ್ಟೋಬರ್ 31, ಬುಧವಾರ

ನಾಳೆಯಿಂದ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು. ಕಾಲೇಜಿನಲ್ಲಿ ತೋರಣ ಕಟ್ಟುವ ಗಲಾಟೆ, ಪಾಠ ಕೇಳುವವರಿಲ್ಲ. ಕಾರ್ವೋನ್ ಬಾಟಲಿ ತೆಗೆದು ಮೂಸಿದೆ. ಆರ್ ಎಂದು ಚೀಟಿ ಇರುವುದರಲ್ಲಿ ಸಬ್ಬಸಿಗೆ, ಎಸ್ ಎಂದಿರುವುದರಲ್ಲಿ ಪುದೀನ. ಯಾರೋ ಚೀಟಿ ಅದಲುಬದಲು ಮಾಡಿದ್ದಾರೆ. ಕಿತ್ತು ಸರಿಯಾಗಿ ಅಂಟಿಸಿದೆ.

ತೋರಣದ ಹಗ್ಗ ಕೇಳಲು ಬಂದ ಕಿಟ್ಟಿ ಮೂಸಿ ನೋಡಿ, "ಸಾರ್, ಚೀಟಿ ಉಲ್ಟಾ ಅಂಟಿಸಿದೀರಾ," ಎಂದ.

"ನಿನ್ನ ಮೂಗು ಉಲ್ಟಾ ಕಣಯ್ಯಾ."

ನಗಲಿಲ್ಲ ಅವನು. "ಸಾರ್, ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಬೋರ್ಡ್ ಮೇಲೆ ಬರೆಯೋದನ್ನ ನೀವೇ ತೋಳಲ್ಲಿ ಅಳಿಸ್ಕೊಂಡು ಹೋಗ್ತಾ ಇದೀರಾ. ನಮಗೆ ಬರ್ಕೊಳ್ಳೋಕೆ ಸಿಗ್ತಾ ಇಲ್ಲ. ಮುಂಚೆ ಹಂಗ್ ಬರೀತಿರ್ಲಿಲ್ಲ ನೀವು."

ಬೇಗ ಬರೆದುಕೊಳ್ಳುವುದನ್ನು ಕಲಿ ಎಂದು ಅಟ್ಟಿದೆ. ಇವರ ಬರವಣಿಗೆಯ ಸೋಮಾರಿತನಕ್ಕೆ ನನ್ನ ತೋಳು ಕಾರಣವಂತೆ.

ನವೆಂಬರ್ 4, ಭಾನುವಾರ

ನಾಳೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ರೊಟ್ಟಿಗೆ ಕೈ ಚಾಚಿದೆ ಅಷ್ಟೆ. ಅತ್ತೆ ಛಟೀರನೆ ನನ್ನ ಕೈಮೇಲೆ ಹೊಡೆದರು.

"ಎಡಗೈ ತಗಿ!"

ಹೊಡೆದ ಮೇಲೆ ಅವರೇ ಬೆಚ್ಚಿದರು. ಅಳಿಯನ ಮೇಲೆ ಕೈ ಮಾಡುವ ಹೆಂಗಸಲ್ಲ ಅವರು. ನಾಳೆಯ ಚಿಂತೆ ಇಬ್ಬರನ್ನೂ ಹೀಗೆ ಆಡಿಸುತ್ತಿದೆ ಎಂದುಕೊಂಡೆ. ಅವರು ನನ್ನ ಕೈಯನ್ನೇ ನೋಡುತ್ತ, ಯಾರೋ ಕೇಳಿದ್ದಕ್ಕೆ ಉತ್ತರ ಹೇಳುವವರಂತೆ ಹೇಳತೊಡಗಿದರು.

"ಅಕಿನೂ ಹಿಂಗ ಇದ್ಲು. ಸಣ್ಣಾಕಿದ್ದಾಗ ಎಲ್ಲಾ ಎಡಗೈಲೇ. ಲಿಂಗ ಬಲಗೈಯಾಗ ಹಿಡದು ಎಡಗೈಲೆ ಪತ್ರಿ ಏರಸತಿದ್ಲು. ಮಂದಿ ನಕ್ಕರು. ಎಡಚಿ ಹುಡುಗೀನ ಯಾರು ಮಾಡಿಕೋತಾರ ಅಂದ್ರು. ಹಳೇ ಸೀರಿ ಅಂಚು ಹರದು ಆ ಕೈ ಬೆನ್ನಿಗೆ ಕಟ್ಟಿದೆ."

"ಎಷ್ಟು ದಿನ?"

"ರೂಢಿ ಆಗೂತನಕ. ಉಣ್ಣಾಕ, ಸಾಲಿಗೆ, ಮಲಗಾಕ, ಹಂಗಽ ಕಟ್ಟಿಟ್ಟೆ. ಬಿಚ್ಚವ್ವಾ ಬಿಚ್ಚವ್ವಾ ಅಂತಿದ್ಲು. ನಾ ಬಿಚ್ಚಲಿಲ್ಲ."

ನನಗೆ ಗೊತ್ತಿರಲಿಲ್ಲ. ಒಂದು ಸಲವೂ ಹೇಳಿರಲಿಲ್ಲ ಅವಳು. ಪುಸ್ತಕಕ್ಕೆ ಕತ್ತು ಉಳುಕಿದೆಯಾ ಎಂದು ಹಾಸ್ಯ ಮಾಡಿದ್ದೆನಲ್ಲ ನಾನು.

ಸಂಜೆ ಬ್ಲಾಕಿನ ಸುತ್ತ ಒಂದು ಸುತ್ತು ನಡೆದು ಬಂದೆ. ಈಚೆಗೆ ಭಾಷ್ಯಂ ಸರ್ಕಲ್ ಕಡೆಯಿಂದ ಹೊರಡುತ್ತೇನೆ. ಮೊದಲೆಲ್ಲ ನವರಂಗ್ ಕಡೆಯಿಂದ ಹೋಗುತ್ತಿದ್ದೆ, ಅವಳು ಮಾತ್ರ ಹಟ ಮಾಡಿ ಈ ಕಡೆಯಿಂದ ಕರೆದೊಯ್ಯುತ್ತಿದ್ದಳು. ಈ ದಾರಿಯಲ್ಲಿ ಮನೆ ಬೇಗ ಸಿಗುತ್ತದೆ.

ನವೆಂಬರ್ 5, ಸೋಮವಾರ

ಬೆಳಿಗ್ಗೆ ಅಯ್ಯನವರು ಆಳುಗಳೊಂದಿಗೆ ನೇರ ರುದ್ರಭೂಮಿಗೆ ಬರುವುದೆಂದು ಮಾತಾಗಿತ್ತು. ಹೊರಡುವ ಮೊದಲು ಪೂಜೆಗೆ ಕೂತೆ. ಅತ್ತೆ ಇಷ್ಟು ದಿನ ಅಡಿಗೆಮನೆಯಲ್ಲೇ ಪೂಜೆ ಮಾಡಿಕೊಳ್ಳುತ್ತಿದ್ದರು. ಇವತ್ತು ಬಂದು ನನ್ನ ಎದುರಿನ ಮಣೆಯ ಮೇಲೆ ಕೂತರು, ಜಗದಾಂಬಾ ಕೂರುತ್ತಿದ್ದ ಮಣೆ.

ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡೆ. ವಿಭೂತಿ ಹಚ್ಚಿದೆ. ಪತ್ರೆ ಏರಿಸಿದೆ. ಇವತ್ತಿನ ದಿನ ಕೈ ನಡುಗುತ್ತದೆ ಎಂದುಕೊಂಡಿದ್ದೆ, ಪತ್ರೆ ಎಲ್ಲಿ ಬೇಕೋ ಅಲ್ಲೇ ಕೂತಿತು. ಕಣ್ಣೆತ್ತಿದರೆ ಅತ್ತೆಯ ಲಿಂಗ ಇನ್ನೂ ಬಟ್ಟೆಯಲ್ಲೇ ಇದೆ. ಅವರು ನನ್ನ ಕೈಗಳನ್ನು ನೋಡುತ್ತಿದ್ದಾರೆ. ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು. ಬಾಯಿ ಸ್ವಲ್ಪ ತೆರೆದಿತ್ತು.

"ಯಾವಾಗಿಂದ?" ಎಂದರು.

"ಏನು ಯಾವಾಗಿಂದ?"

ಅವರು ಮಣೆಯಿಂದ ಇಳಿದು ಮೊಣಕಾಲಿನ ಮೇಲೇ ನನ್ನ ಹತ್ತಿರ ಬಂದರು. ಪತ್ರೆ ಹಿಡಿದಿದ್ದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಣಿಕಟ್ಟಿನ ಸುತ್ತ ಬೆರಳಾಡಿಸಿದರು. ಅಲ್ಲಿ ಏನೋ ಕಟ್ಟಿದ್ದ ಗಂಟನ್ನು ಹುಡುಕುವ ಹಾಗೆ.

"ಕಟ್ಟೂದಿಲ್ಲವ್ವಾ ಇನ್ನ. ಕಟ್ಟೂದಿಲ್ಲ."

ಯಾರಿಗೆ ಹೇಳಿದರೋ. ಸುತ್ತ ಯಾರೂ ಇರಲಿಲ್ಲ. ಆದರೆ ಆ ಮಾತು ಕೇಳಿದ್ದೇ ನನಗೆ ಅಳು ಒತ್ತರಿಸಿ ಬಂತು. ಜಗದಾಂಬಾ ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ.

ರುದ್ರಭೂಮಿಗೆ ಹೋದೆವು. ಆಳುಗಳು ಹಾರೆ ಹಿಡಿದು ನಿಂತಿದ್ದರು. ಅತ್ತೆ ಮಣ್ಣ ದಿಬ್ಬದ ಮುಂದೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು.

"ತಗಿಯೂದು ಬ್ಯಾಡ್ರಿ. ಅಕಿಗೆ ಬೇಕಾದ ಕೈಯಾಗಽ ಐತಿ. ಯಾರೂ ಮುಟ್ಟಬ್ಯಾಡ್ರಿ."

ಗುರುಪಾದಯ್ಯನವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರೂ ಉಸಿರು ಬಿಟ್ಟರು. ಬಿಲ್ವಪತ್ರೆ ಏರಿಸಿ ಬಂದೆವು. ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಎಡಗೈ ಹಿಡಿದುಕೊಂಡೇ ಕೂತಿದ್ದರು.

ಅವರಿಗೆ ನನ್ನ ಪೂಜೆಯಲ್ಲಿ ಏನು ಕಂಡಿತೋ ನನಗೆ ತಿಳಿಯಲಿಲ್ಲ. ಲಿಂಗ ಇರಬೇಕಾದ ಕೈಯಲ್ಲೇ ಇತ್ತು, ದಿನವೂ ಹಿಡಿಯುವ ಕೈಯಲ್ಲೇ.

ನವೆಂಬರ್ 11, ಭಾನುವಾರ

ಅವ್ವ ಊರಿಗೆ ಹೋದಳು. ಮೆಜೆಸ್ಟಿಕ್‌ವರೆಗೂ ಹೋಗಿ ಬಸ್ಸು ಹತ್ತಿಸಿ ಬಂದೆ. ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಸವರಿ, "ಹೊಟ್ಟಿ ತುಂಬ ಉಣ್ಣು. ಹೆಂಗ ಬೇಕೋ ಹಂಗ ಉಣ್ಣು," ಎಂದಳು. ಬಾಗಿಲು ತೆರೆದು ಒಳಗೆ ಬಂದಾಗ ಮನೆ ಹಗುರವೆನಿಸಿತು. ಈಗ ಇಲ್ಲಿ ಯಾರೂ ಅಲೆಯುತ್ತಿಲ್ಲ. ಯಾರು ಎಲ್ಲಿರಬೇಕೋ ಅಲ್ಲಿದ್ದಾರೆ.

ಬೆಳಗಿನ ರಂಗೋಲಿ ಇನ್ನೂ ಅಳಿಸಿಲ್ಲ. ವಿಮಲಮ್ಮ ಬೇಲಿಯಾಚೆಯಿಂದ ನೋಡುತ್ತಿದ್ದರು. ನಾನು ನಕ್ಕೆ, ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಶಾಯಿ ಈಗ ಕದಡುತ್ತಿಲ್ಲ. ಶಾಯಿಯ ತಪ್ಪಲ್ಲ ಅದು. ಪುಸ್ತಕದ ತಲೆಯನ್ನು ಬಲಕ್ಕೆ ಓರೆ ಮಾಡಿ ಇಟ್ಟುಕೊಂಡರೆ ಕೈ ಸಾಲಿನ ಕೆಳಗೇ ಉಳಿಯುತ್ತದೆ, ಬರೆದದ್ದಕ್ಕೆ ತಾಗುವುದಿಲ್ಲ. ಇಷ್ಟು ಸುಲಭದ ಉಪಾಯ ಇಷ್ಟು ದಿನ ಹೇಗೆ ಮರೆತುಹೋಗಿತ್ತೋ.

ನಾಳೆ ದೋಬಿ ಬರುತ್ತಾನೆ. ಅವರ ಅಂಗಿಗಳ ಎಡತೋಳೆಲ್ಲ ಶಾಯಿ, ಚೆನ್ನಾಗಿ ಉಜ್ಜಲು ಹೇಳಬೇಕು. ಹಾಕಿದ ಬಟ್ಟೆಗಳನ್ನು ಈ ಪುಸ್ತಕದಲ್ಲೇ ಬರೆದಿಡುತ್ತೇನೆ. ಅದಕ್ಕೆಂದೇ ಅಲ್ಲವೇ ನಾನು ಇದನ್ನು ಬೀರುವಿನಲ್ಲಿ ತೆಗೆದಿಟ್ಟಿದ್ದು.